ಬೈದರೇನೇ ಮಕ್ಕಳು ಕಲಿಯುತ್ತಾರಾ? ಹತ್ತು ಸಲ ಚಾಂಪಿಯನ್ ಆದ ಕಾಲೇಜು ಕೋಚ್ ಒಬ್ಬರ ಲೆಕ್ಕ

ಏಪ್ರಿಲ್ ಬಂತೆಂದರೆ ನಮ್ಮ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ಒಂದು, ಬೇಸಿಗೆ ಶಿಬಿರದ ಪೋಸ್ಟರ್. ಕ್ರಿಕೆಟ್, ಸ್ಕೇಟಿಂಗ್, ಈಜು, ಬಾಸ್ಕೆಟ್‌ಬಾಲ್, ಬೆಳಿಗ್ಗೆ ಆರರಿಂದ ಎಂಟು. ಇನ್ನೊಂದು, ಯಾವುದೋ ದೇಶದ ಯಾವುದೋ ಕೋಚ್‌ನ ಕಥೆ. ಆತ ಆಟಗಾರರನ್ನು ಗದರಿಸುತ್ತಾನೆ, ಸುಸ್ತಾಗಿ ಬೀಳುವವರೆಗೆ ಮೈದಾನ ಸುತ್ತಿಸುತ್ತಾನೆ, ಕೊನೆಗೆ ಅವರನ್ನೇ ಚಾಂಪಿಯನ್ ಮಾಡುತ್ತಾನೆ. ಕೆಳಗೆ ಕೈ ಮುಗಿಯುವ ಎಮೋಜಿ, ‘ಇಂಥ ಗುರುಗಳು ಈಗೆಲ್ಲಿ’ ಎಂಬ ಸಾಲು. ಎರಡನ್ನೂ ಓದಿದ ಅಪ್ಪ-ಅಮ್ಮ ಮಗುವನ್ನು ಶಿಬಿರಕ್ಕೆ ಸೇರಿಸುವಾಗ ಕೋಚ್ ಹತ್ತಿರ ಒಂದು ಮಾತು ಹೇಳಿ ಬರುತ್ತಾರೆ: “ಸರ್, ನೀವೇನೂ ಬಿಡಬ್ಯಾಡ್ರಿ. ಬೈದ್ರನ ಕಲಿಯಾಂವ ಇವ.”

ಈ ನಂಬಿಕೆಯಲ್ಲಿ ಎಷ್ಟು ನಿಜವಿದೆ? ಅದೃಷ್ಟಕ್ಕೆ ಇದನ್ನು ಬರೀ ಅಭಿಪ್ರಾಯದ ಮೇಲೆ ಚರ್ಚಿಸಬೇಕಾಗಿಲ್ಲ. ಅಮೆರಿಕದ ಪುರುಷರ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಯಾರೂ ಗೆಲ್ಲದಷ್ಟು ಕಪ್ ಗೆದ್ದ ಒಬ್ಬ ಹೆಡ್ ಕೋಚ್ ಇದ್ದರು, ಜಾನ್ ವುಡನ್. ಅವರ ಕೊನೆಯ ಸೀಸನ್‌ನಲ್ಲಿ ಇಬ್ಬರು ಮನಃಶಾಸ್ತ್ರಜ್ಞರು ಪ್ರಾಕ್ಟೀಸ್ ನಡೆಯುವ ಅಂಗಳದ ಪಕ್ಕದಲ್ಲೇ ಕೂತು ಅವರ ಒಂದೊಂದು ಮಾತನ್ನೂ ಎಣಿಸಿ ಬರೆದುಕೊಂಡರು. ಎಷ್ಟು ಸಲ ಬೈದರು, ಎಷ್ಟು ಸಲ ಹೊಗಳಿದರು ಎಂಬ ಅಂಕಿಗಳು ನಮ್ಮ ಮುಂದಿವೆ. ಅಂಕಿಗೆ ಬರುವ ಮೊದಲು ಮನುಷ್ಯನನ್ನು ಸ್ವಲ್ಪ ನೋಡೋಣ, ಏಕೆಂದರೆ ಫಾರ್ವರ್ಡ್‌ಗಳು ಮೊದಲು ಕತ್ತರಿಸಿ ಹಾಕುವುದೇ ಆ ಭಾಗವನ್ನು.

ಮೊದಲ ಕಪ್ ಬಂದದ್ದು 16ನೇ ಸೀಸನ್‌ಗೆ

ವುಡನ್ ಹುಟ್ಟಿದ್ದು 1910ರಲ್ಲಿ, ಇಂಡಿಯಾನಾ ರಾಜ್ಯದ ಒಂದು ಸಣ್ಣ ಊರಿನಲ್ಲಿ. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಒಳ್ಳೆಯ ಆಟಗಾರರಾಗಿದ್ದರು. 1932ರಲ್ಲಿ ಪದವಿ ಮುಗಿಸಿ ಕೆಂಟಕಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾದರು, ಜೊತೆಗೆ ಕೋಚ್ ಕೆಲಸ. ಮೊದಲ ಸೀಸನ್‌ನಲ್ಲಿ ಅವರ ತಂಡ 6 ಪಂದ್ಯ ಗೆದ್ದು 11 ಸೋತಿತು. ಆಮೇಲೆ ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ ಹಲವು ವರ್ಷ ಹೈಸ್ಕೂಲು, ಎರಡನೇ ಮಹಾಯುದ್ಧದಲ್ಲಿ ನೌಕಾಪಡೆ, 1946ರಿಂದ ಎರಡು ವರ್ಷ ಇಂಡಿಯಾನಾ ಸ್ಟೇಟ್ ಟೀಚರ್ಸ್ ಕಾಲೇಜು. ತಮ್ಮನ್ನು ಕೊನೆಯವರೆಗೂ ಅವರು ಕೋಚ್ ಅನ್ನುವುದಕ್ಕಿಂತ ಮೇಷ್ಟ್ರು ಎಂದೇ ಕರೆದುಕೊಂಡರು.

ಈ ಟೀಚರ್ಸ್ ಕಾಲೇಜಿನಲ್ಲಿ ಒಂದು ಘಟನೆ ನಡೆಯಿತು. 1947ರಲ್ಲಿ ಅವರ ತಂಡಕ್ಕೆ ರಾಷ್ಟ್ರೀಯ ಟೂರ್ನಿಗೆ ಕರೆ ಬಂತು, ಆದರೆ ಅಲ್ಲಿ ಕಪ್ಪು ವರ್ಣದ ಆಟಗಾರರಿಗೆ ಪ್ರವೇಶವಿರಲಿಲ್ಲ. ತಂಡದಲ್ಲಿ ಕ್ಲಾರೆನ್ಸ್ ವಾಕರ್ ಎಂಬ ಕಪ್ಪು ಹುಡುಗನಿದ್ದ. ಮುಖ್ಯ ಐವರಲ್ಲಿ ಒಬ್ಬನಲ್ಲ, ಬೆಂಚಿನ ಮೇಲೆ ಕೂರುವ ಆಟಗಾರ. ಅವನನ್ನು ಬಿಟ್ಟು ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ವುಡನ್ ಕರೆಯನ್ನೇ ತಿರಸ್ಕರಿಸಿದರು. ಮರುವರ್ಷ ಆ ನಿಯಮ ಸಡಿಲವಾಯಿತು, ವಾಕರ್ ಆಡಿದ, ತಂಡ ಫೈನಲ್‌ವರೆಗೆ ಹೋಗಿ ಸೋತಿತು. ಅವರ ಹತ್ತು ಕಪ್‌ಗಳ ಕಥೆಗಿಂತ ಇದು ಫಾರ್ವರ್ಡ್ ಆಗಲು ಹೆಚ್ಚು ಯೋಗ್ಯ ಎಂಬುದು ನನ್ನ ಅಭಿಪ್ರಾಯ.

1948ರಲ್ಲಿ ವುಡನ್ ಲಾಸ್ ಏಂಜಲೀಸ್‌ನ ಯುಸಿಎಲ್‌ಎ, ಅಂದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಲ್ಲಿನ ಕ್ಯಾಂಪಸ್‌ಗೆ ಹೆಡ್ ಕೋಚ್ ಆಗಿ ಹೋದರು. ಅಲ್ಲಿ ಸಿಕ್ಕ ಹಳೆಯ ಜಿಮ್ ಎಷ್ಟು ಇಕ್ಕಟ್ಟಾಗಿತ್ತೆಂದರೆ, ಬಾಸ್ಕೆಟ್‌ಬಾಲ್ ಹುಡುಗರು ಆಡುವಾಗಲೇ ಪಕ್ಕದಲ್ಲಿ ಕುಸ್ತಿಯವರು, ಜಿಮ್ನಾಸ್ಟಿಕ್ಸ್‌ನವರು ತಮ್ಮ ಅಭ್ಯಾಸ ನಡೆಸುತ್ತಿದ್ದರು. ಪ್ರಾಕ್ಟೀಸಿಗೆ ಮೊದಲು ನೆಲ ಗುಡಿಸಿ ಒರೆಸುವ ಕೆಲಸಕ್ಕೆ ಕೋಚೇ ಕೈ ಹಾಕುತ್ತಿದ್ದರು. ತಂಡ ಕಳಪೆಯೇನೂ ಆಗಿರಲಿಲ್ಲ, ಮೊದಲ ವರ್ಷವೇ ಚೆನ್ನಾಗಿ ಗೆದ್ದಿತು. ಆದರೆ ದೇಶದ ಕಪ್ ಮಾತ್ರ ಬರಲಿಲ್ಲ. ಒಂದಲ್ಲ, ಎರಡಲ್ಲ, 15 ಸೀಸನ್. ಅದು ಬಂದದ್ದು 1964ರಲ್ಲಿ, 30 ಪಂದ್ಯಗಳಲ್ಲಿ ಒಂದನ್ನೂ ಸೋಲದೆ. ನಂತರದ್ದು ಎಲ್ಲರಿಗೂ ಗೊತ್ತಿರುವ ಭಾಗ: 1965, ಆಮೇಲೆ 1967ರಿಂದ 1973ರವರೆಗೆ ಸತತ ಏಳು, ಕೊನೆಗೆ 1975. ಒಟ್ಟು 12 ವರ್ಷಗಳಲ್ಲಿ 10 ಕಪ್. ನಡುವೆ ಸತತ 88 ಪಂದ್ಯಗಳ ಗೆಲುವು.

ಈಗಿನ ಯಾವ ಕಾಲೇಜು ಆಡಳಿತ ಮಂಡಳಿ ಒಬ್ಬ ಕೋಚ್‌ಗೆ 15 ವರ್ಷ ಕೊಡುತ್ತದೆ? ಡ್ಯೂಕ್ ವಿಶ್ವವಿದ್ಯಾಲಯದ ಮೈಕ್ ಶಶೆವ್‌ಸ್ಕಿ 1980ರಲ್ಲಿ ಬಂದು ಮೊದಲ ಮೂರು ಸೀಸನ್‌ಗಳಲ್ಲಿ 38 ಗೆದ್ದು 47 ಸೋತಾಗ ಅವರನ್ನು ತೆಗೆಯಿರಿ ಎಂಬ ಕೂಗು ಜೋರಾಗಿತ್ತು. ತೆಗೆಯಲಿಲ್ಲ. 2022ರಲ್ಲಿ ಅವರು ನಿವೃತ್ತರಾದಾಗ ಐದು ಕಪ್‌ಗಳಿದ್ದವು. ಇಂಥ ಕಥೆ ಓದಿ ‘ತಾಳ್ಮೆ ಇದ್ದರೆ ಎಲ್ಲರೂ ಗೆಲ್ಲುತ್ತಾರೆ’ ಎಂದೂ ಹೇಳುವಂತಿಲ್ಲ. ತಾಳ್ಮೆಯಿಂದ ಇಟ್ಟುಕೊಂಡರೂ ಗೆಲ್ಲದ ಕೋಚ್‌ಗಳ ಬಗ್ಗೆ ಯಾರೂ ಫಾರ್ವರ್ಡ್ ಮಾಡುವುದಿಲ್ಲವಲ್ಲ.

ಎಣಿಸಿದಾಗ ಕಂಡದ್ದು

1974-75ರ ಸೀಸನ್. ರೊನಾಲ್ಡ್ ಗ್ಯಾಲಿಮೋರ್ ಮತ್ತು ರೋಲ್ಯಾಂಡ್ ಥಾರ್ಪ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು ವುಡನ್ ಅವರ 15 ಪ್ರಾಕ್ಟೀಸ್‌ಗಳನ್ನು, ಸುಮಾರು 30 ಗಂಟೆ, ಕೂತು ನೋಡಿದರು. ಒಳ್ಳೆಯ ಶಿಕ್ಷಕ ಹೇಗೆ ಕಲಿಸುತ್ತಾನೆ ಎಂಬುದು ಅವರ ಪ್ರಶ್ನೆ. ವುಡನ್ ಬಾಯಿಂದ ಬಂದ ಮಾತು, ಕೈಯಿಂದ ತೋರಿಸಿದ ನಡೆ, ಎಲ್ಲವನ್ನೂ ಒಂದೊಂದಾಗಿ ಗುರುತು ಹಾಕಿದಾಗ ಒಟ್ಟು 2,326 ಬಂದವು.

ದೊಡ್ಡ ಕೋಚ್ ಎಂದರೆ ರಕ್ತ ಕುದಿಸುವ ಭಾಷಣ ಎಂದು ಸಿನಿಮಾ ನೋಡಿದ ನಾವು ಅಂದುಕೊಳ್ಳುತ್ತೇವೆ. ಭಾಷಣ ಎಂಬುದೇ ಇರಲಿಲ್ಲ. ಬಹುತೇಕ ಮಾತುಗಳು ಚುಟುಕು, ಒಂದೆರಡು ವಾಕ್ಯದ ಒಳಗೆ ಮುಗಿಯುವಂಥವು. ಹೊಗಳಿಕೆ ಶೇ. 6.9. ಬರೀ ಬೈಗುಳ ಶೇ. 6.6. ಹಾಗಾದರೆ ಉಳಿದದ್ದೇನು? ಕಾಲು ಎಲ್ಲಿಡಬೇಕು, ಚೆಂಡನ್ನು ಯಾವ ಎತ್ತರದಲ್ಲಿ ಹಿಡಿಯಬೇಕು, ಪಾಸ್ ಯಾರಿಗೆ, ಯಾವಾಗ. ಒಟ್ಟು ಮಾತುಗಳಲ್ಲಿ ಕನಿಷ್ಠ ಶೇ. 75ರಷ್ಟು ಏನು ಮಾಡಬೇಕು, ಹೇಗೆ ಮಾಡಬೇಕು ಎಂಬ ಮಾಹಿತಿಯನ್ನು ಹೊತ್ತಿದ್ದವು.

ಗದರುವುದೇ ಇಲ್ಲ ಎಂದಲ್ಲ. ಗದರಿದ ತಕ್ಷಣ ಸರಿ ದಾರಿ ಹೇಳುವ ಒಂದು ಪದ್ಧತಿ ಅವರಿಗಿತ್ತು, ಅದು ಶೇ. 8ರಷ್ಟು. ‘ಎಷ್ಟು ಸಲ ಹೇಳಬೇಕು ನಿನಗೆ’ ಎಂದಷ್ಟೇ ಹೇಳಿ ನಿಲ್ಲುವ ಬೈಗುಳಕ್ಕೂ, ‘ಎಷ್ಟು ಸಲ ಹೇಳಬೇಕು, ಚೆಂಡು ಎದೆ ಎತ್ತರದಿಂದ ಹೋಗಬೇಕು’ ಎಂಬುದಕ್ಕೂ ವ್ಯತ್ಯಾಸವಿದೆ. ಎರಡನೆಯದನ್ನು ಕೇಳಿದ ಹುಡುಗನಿಗೆ ಮುಂದಿನ ಪಾಸ್ ಹೇಗಿರಬೇಕೆಂದು ಗೊತ್ತು. ತಪ್ಪು ಕಂಡಾಗ ಅವರು ಆಟ ನಿಲ್ಲಿಸಿ ಮೊದಲು ಸರಿಯಾದದ್ದನ್ನು ಮಾಡಿ ತೋರಿಸುತ್ತಿದ್ದರು, ಆಮೇಲೆ ಹುಡುಗ ಮಾಡಿದ ತಪ್ಪನ್ನು, ಮತ್ತೆ ಸರಿಯಾದದ್ದನ್ನು. ಎಲ್ಲ ಕೆಲವೇ ಸೆಕೆಂಡು. ಅಷ್ಟರಲ್ಲಿ ಆಟ ಮತ್ತೆ ಶುರು. ಇದಕ್ಕಾಗಿ ಪ್ರತಿದಿನ ಬೆಳಿಗ್ಗೆ ಸಹಾಯಕರ ಜೊತೆ ಕೂತು ಸಂಜೆಯ ಪ್ರಾಕ್ಟೀಸನ್ನು ನಿಮಿಷ ನಿಮಿಷಕ್ಕೆ ಯೋಜಿಸಿ ಸಣ್ಣ ಕಾರ್ಡ್‌ಗಳ ಮೇಲೆ ಬರೆದುಕೊಳ್ಳುತ್ತಿದ್ದರು.

ಸೀಸನ್‌ನ ಮೊದಲ ಪಾಠವಂತೂ ಕಾಲುಚೀಲ ಹಾಕುವುದು. ನಗಬೇಡಿ. ಇಷ್ಟೆತ್ತರದ ಕಾಲೇಜು ಹುಡುಗರನ್ನು ಕೂರಿಸಿ, ಕಾಲುಚೀಲದಲ್ಲಿ ಸುಕ್ಕು ಉಳಿಯದಂತೆ ಬೆರಳಿನಿಂದ ಹಿಮ್ಮಡಿಯವರೆಗೆ ಎಳೆದು ಹಾಕುವುದನ್ನು, ಲೇಸ್ ಬಿಗಿಯುವುದನ್ನು ಕಲಿಸುತ್ತಿದ್ದರು. ಕಾರಣ ಸರಳ. ಒದ್ದೆ ಚರ್ಮದ ಮೇಲೆ ಸುಕ್ಕುಬಿದ್ದ ಬಟ್ಟೆ ಉಜ್ಜಿದರೆ ಗುಳ್ಳೆ ಏಳುತ್ತದೆ, ಗುಳ್ಳೆ ಎದ್ದವನು ಎರಡು ದಿನ ಓಡಲಾರ.

ಇದನ್ನು ಓದುವಾಗ ನನಗೆ ನೆನಪಾಗುವುದು ನಮ್ಮದೇ ಊರಿನ ಇನ್ನೊಂದು ಪಾಠಶಾಲೆ. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಗಂಗೂಬಾಯಿ ಹಾನಗಲ್ ಅವರ ಮನೆ ‘ಗಂಗಾಲಹರಿ’ ಇದೆ, ಅವರ ಗುರುವಿನ ಹೆಸರಿನ ಸವಾಯಿ ಗಂಧರ್ವ ಸಭಾಂಗಣವೂ ಇದೇ ಬಡಾವಣೆಯಲ್ಲಿದೆ. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಕಲಿತವರು. ಭೀಮಸೇನ ಜೋಶಿ ಅದೇ ಗುರುವಿನ ಮನೆಯಲ್ಲಿದ್ದು ಕಲಿತವರು. ಆ ಮನೆಯ ಶಿಸ್ತಿನ ಕಥೆಗಳು ನಮ್ಮ ಭಾಗದಲ್ಲಿ ಬಹಳ. ಆದರೆ ಶಿಸ್ತು ಎಂಬ ಪದದ ಒಳಗೆ ಇದ್ದದ್ದು ಏನು? ಕೆಲವೇ ರಾಗ, ಸಣ್ಣ ಸಣ್ಣ ಸ್ವರಗುಚ್ಛ, ಅದನ್ನೇ ದೀರ್ಘಕಾಲ ತಿರುವಿ ತಿರುವಿ ಹಾಡಿಸುವುದು. ಕಠಿಣ ಗುರು ಎಂದಾಗ ನಾವು ಗುರುವಿನ ಸಿಟ್ಟನ್ನು ನೆನಪಿಟ್ಟುಕೊಂಡು, ಗುರು ಒಂದೇ ಸ್ವರವನ್ನು ನೂರು ಸಲ ತಿದ್ದಿದ್ದನ್ನು ಮರೆಯುತ್ತೇವೆ.

ಹಾಗಾದರೆ ಬೈದಾಗ ಆಟ ಸುಧಾರಿಸುವುದು ಏಕೆ?

ಇದು ಕೇಳಲೇಬೇಕಾದ ಪ್ರಶ್ನೆ. ಏಕೆಂದರೆ ಕೋಚ್‌ಗಳು, ತಾಯ್ತಂದೆಯರು ಸುಳ್ಳು ಹೇಳುತ್ತಿಲ್ಲ. ನಿನ್ನೆ ಕೆಟ್ಟದಾಗಿ ಆಡಿದ, ಬೈದೆವು, ಇವತ್ತು ಚೆನ್ನಾಗಿ ಆಡಿದ. ಮೊನ್ನೆ ಅದ್ಭುತವಾಗಿ ಆಡಿದ, ಹೊಗಳಿದೆವು, ಮರುದಿನವೇ ಸಪ್ಪೆ. ಇದು ಕಣ್ಣಾರೆ ಕಂಡದ್ದು.

1960ರ ದಶಕದಲ್ಲಿ ಇಸ್ರೇಲ್ ವಾಯುಪಡೆಯ ತರಬೇತುದಾರರು ಮನಃಶಾಸ್ತ್ರಜ್ಞ ಡ್ಯಾನಿಯಲ್ ಕಾಹ್ನೆಮನ್ ಅವರಿಗೆ ಇದೇ ಮಾತು ಹೇಳಿದ್ದರು. ವಿಮಾನ ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನಿಗೆ ಬೈದರೆ ಸುಧಾರಿಸುತ್ತಾನೆ ಎಂದು. ಮುಂದೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕಾಹ್ನೆಮನ್ ಇದರ ಗುಟ್ಟನ್ನು ಅಲ್ಲೇ ಹಿಡಿದರು. ಬೈಗುಳವೂ ಹೊಗಳಿಕೆಯೂ ಇಲ್ಲದಿದ್ದರೂ ಹಾಗೇ ಆಗುತ್ತಿತ್ತು.

ಬಾಸ್ಕೆಟ್‌ಬಾಲ್‌ನಲ್ಲೇ ನೋಡಿ. ಒಬ್ಬ ಹುಡುಗಿ ಸರಾಸರಿ ಹತ್ತು ಫ್ರೀ ಥ್ರೋದಲ್ಲಿ ಆರು ಹಾಕುತ್ತಾಳೆ ಅಂದುಕೊಳ್ಳಿ. ಒಂದು ದಿನ ಮೂರೇ ಬಿದ್ದವು. ಮರುದಿನ ಯಾರು ಏನೂ ಹೇಳದಿದ್ದರೂ ಅವಳು ಆರರ ಹತ್ತಿರ ಬರುವ ಸಾಧ್ಯತೆಯೇ ಹೆಚ್ಚು, ಏಕೆಂದರೆ ಅದು ಅವಳ ಸಹಜ ಮಟ್ಟ. ಇನ್ನೊಂದು ದಿನ ಒಂಬತ್ತು ಬಿದ್ದವು. ಮರುದಿನ ಮತ್ತೆ ಆರರ ಹತ್ತಿರ. ನಾವು ಬೈಯುವುದು ಮೂರು ಬಿದ್ದ ದಿನ, ಹೊಗಳುವುದು ಒಂಬತ್ತು ಬಿದ್ದ ದಿನ. ಆದ್ದರಿಂದ ಬೈಗುಳದ ನಂತರ ಏರಿಕೆ, ಹೊಗಳಿಕೆಯ ನಂತರ ಇಳಿಕೆ ಕಾಣಿಸುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸರಾಸರಿಯತ್ತ ಮರಳುವಿಕೆ ಎನ್ನುತ್ತಾರೆ.

ನಂಬಿಕೆ ಬರದಿದ್ದರೆ ಮನೆಯಲ್ಲೇ ಮಾಡಿ ನೋಡಿ. ಒಂದು ರೂಪಾಯಿ ನಾಣ್ಯವನ್ನು ಹತ್ತು ಸಲ ಚಿಮ್ಮಿ, ಎಷ್ಟು ಸಲ ಸಿಂಹ ಬಿತ್ತು ಎಂದು ಬರೆಯಿರಿ. ಮೂರು ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ನಾಣ್ಯಕ್ಕೆ ಚೆನ್ನಾಗಿ ಬೈಯಿರಿ. ಮತ್ತೆ ಹತ್ತು ಸಲ ಚಿಮ್ಮಿ. ನೂರರಲ್ಲಿ 80ಕ್ಕೂ ಹೆಚ್ಚು ಸಲ ನಾಣ್ಯ ‘ಸುಧಾರಿಸಿರುತ್ತದೆ’. ಏಳು ಅಥವಾ ಹೆಚ್ಚು ಬಿದ್ದಾಗ ಬೆನ್ನು ತಟ್ಟಿ ನೋಡಿ, ಅಷ್ಟೇ ಖಚಿತವಾಗಿ ‘ಕೆಡುತ್ತದೆ’.

ಕೋಚ್ ಬದಲಿಸಿದರೆ ತಂಡ ಗೆಲ್ಲುತ್ತದೆ ಎಂಬ ನಂಬಿಕೆಯೂ ಇದರ ಅಣ್ಣತಮ್ಮ. ಅಮೆರಿಕದ ಕಾಲೇಜು ಫುಟ್‌ಬಾಲ್ ತಂಡಗಳ 1997ರಿಂದ 2010ರವರೆಗಿನ ಲೆಕ್ಕ ಹಾಕಿದ ಸಂಶೋಧಕರಿಗೆ ಕಂಡದ್ದು ಇದು: ತೀರಾ ಸೋಲುತ್ತಿದ್ದ ತಂಡಗಳು ಕೋಚ್ ಬದಲಿಸಿದರೂ, ಬದಲಿಸದ ಅಂಥದೇ ತಂಡಗಳಿಗಿಂತ ಹೆಚ್ಚೇನೂ ಸುಧಾರಿಸಲಿಲ್ಲ. ನಡುಮಟ್ಟದ ತಂಡಗಳಂತೂ ಬದಲಿಸಿ ಇನ್ನಷ್ಟು ಕೆಳಗಿಳಿದವು.

ಆದರೆ ಬೈಯುವ ಕೋಚ್‌ಗಳೂ ಗೆದ್ದಿದ್ದಾರಲ್ಲ?

ಗೆದ್ದಿದ್ದಾರೆ. ಬಾಬ್ ನೈಟ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ 1976, 1981, 1987ರಲ್ಲಿ ಮೂರು ಕಪ್ ತಂದವರು. ಅವುಗಳಲ್ಲಿ 1976ರದ್ದು ಒಂದೂ ಪಂದ್ಯ ಸೋಲದೆ. 1985ರಲ್ಲಿ ಪಂದ್ಯದ ನಡುವೆ ಸಿಟ್ಟಿನಿಂದ ಅಂಗಳಕ್ಕೆ ಕುರ್ಚಿ ಎಸೆದವರೂ ಇವರೇ. 2000ದಲ್ಲಿ, ಪ್ರಾಕ್ಟೀಸಿನಲ್ಲಿ ಆಟಗಾರನೊಬ್ಬನ ಕುತ್ತಿಗೆಗೆ ಕೈ ಹಾಕಿದ ಹಳೆಯ ವಿಡಿಯೊ ಹೊರಬಂತು, ಅದೇ ವರ್ಷ ವಿಶ್ವವಿದ್ಯಾಲಯ ಅವರನ್ನು ಕೆಲಸದಿಂದ ತೆಗೆಯಿತು. ಸಿಟ್ಟಿದ್ದದ್ದರಿಂದ ಗೆದ್ದರೋ, ಸಿಟ್ಟಿದ್ದರೂ ಗೆದ್ದರೋ ಎಂದು ಒಬ್ಬರ ಕಥೆಯಿಂದ ತೀರ್ಮಾನಿಸಲಾಗದು. ಅದೇ ರೀತಿ ಬೈದು ಏನೂ ಗೆಲ್ಲದೆ ಮನೆಗೆ ಹೋದ ನೂರಾರು ಕೋಚ್‌ಗಳ ಹೆಸರು ನಮಗೆ ತಲುಪುವುದೇ ಇಲ್ಲ.

ಇದೇ ತಕ್ಕಡಿಯಲ್ಲಿ ವುಡನ್ ಅವರನ್ನೂ ತೂಗಬೇಕು. ಚೆನ್ನಾಗಿ ಕಲಿಸಿದ್ದಕ್ಕೇ ಹತ್ತು ಕಪ್ ಬಂತು ಎಂದರೆ ಅದೂ ಅರ್ಧ ಫಾರ್ವರ್ಡೇ. ಅವರು 1948ರಲ್ಲೂ ಇದೇ ಕಾಲುಚೀಲ ಕಲಿಸುತ್ತಿದ್ದರು, ಕಪ್ ಬರಲಿಲ್ಲ. 1963ರ ಸುಮಾರಿಗೆ ಸಹಾಯಕ ಕೋಚ್ ಜೆರ್ರಿ ನಾರ್ಮನ್ ಒತ್ತಾಯಿಸಿ ಎದುರಾಳಿಯನ್ನು ಇಡೀ ಅಂಗಳದಲ್ಲಿ ಮುತ್ತುವ ಹೊಸ ತಂತ್ರ ತಂದರು. 1965ರಲ್ಲಿ ಹೊಸ ಸ್ಟೇಡಿಯಂ ಬಂತು. ಅದೇ ವರ್ಷ ಲ್ಯೂ ಆಲ್ಸಿಂಡರ್ ಸೇರಿದ, ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಹೆಸರಾದವನು. ಆಗ ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ನವೆಂಬರ್‌ನಲ್ಲಿ ಆ ಮೊದಲ ವರ್ಷದವರ ತಂಡ, ಸತತ ಎರಡು ಸಲ ದೇಶದ ಚಾಂಪಿಯನ್ ಆಗಿದ್ದ ತಮ್ಮದೇ ಕಾಲೇಜಿನ ಮುಖ್ಯ ತಂಡವನ್ನು 75-60ರಿಂದ ಸೋಲಿಸಿತು. ಮುಖ್ಯ ತಂಡಕ್ಕೆ ಕೋಚ್ ಯಾರು? ವುಡನ್ ಅವರೇ. ಆಟಗಾರ ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ. ಇನ್ನೊಂದು ಕಹಿ ಅಂಶವೂ ಇದೆ. ಸ್ಯಾಮ್ ಗಿಲ್ಬರ್ಟ್ ಎಂಬ ಶ್ರೀಮಂತ ಅಭಿಮಾನಿ ಆಟಗಾರರಿಗೆ ನಿಯಮ ಮೀರಿ ನೆರವು ಕೊಡುತ್ತಿದ್ದುದು ನಂತರ ಪತ್ರಿಕೆಗಳಲ್ಲಿ ಬಯಲಾಯಿತು. ವುಡನ್ ಕಾಲದ ಗೆಲುವುಗಳನ್ನು ಯಾರೂ ರದ್ದು ಮಾಡಲಿಲ್ಲ, ಆದರೆ ಅವರು ಏಕೆ ಕಣ್ಣು ಹಾಯಿಸಲಿಲ್ಲ ಎಂಬ ಪ್ರಶ್ನೆ ಉಳಿದಿದೆ. ಪಂದ್ಯದ ವೇಳೆ ರೆಫರಿಗಳನ್ನು ಚುಚ್ಚಿ ಮಾತಾಡುವ ಅಭ್ಯಾಸವೂ ಅವರಿಗಿತ್ತು. ದೇವರ ಫೋಟೊ ಮಾಡುವಂಥ ಮನುಷ್ಯರಲ್ಲ.

ಈ ‘ಆಯ್ಕೆ’ಯ ವಿಷಯ ಬಂದಾಗ ಇನ್ನೆರಡು ಫಾರ್ವರ್ಡ್‌ಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಬಾಸ್ಕೆಟ್‌ಬಾಲ್ ಆಡಿದರೆ ಮಕ್ಕಳು ಎತ್ತರ ಬೆಳೆಯುತ್ತಾರೆ ಎಂಬುದಕ್ಕೆ ಆಧಾರವಿಲ್ಲ. ಎತ್ತರವಿದ್ದವರನ್ನು ಆ ಆಟ ಆರಿಸಿಕೊಳ್ಳುತ್ತದೆ, ಅಷ್ಟೇ. ಎತ್ತರ ನಿರ್ಧಾರವಾಗುವುದು ಬಹುಮಟ್ಟಿಗೆ ತಾಯ್ತಂದೆಯ ವಂಶವಾಹಿ ಮತ್ತು ಬಾಲ್ಯದ ಪೋಷಣೆಯಿಂದ. (1964ರ ಚಾಂಪಿಯನ್ ತಂಡದ ಮುಖ್ಯ ಐವರಲ್ಲಿ ಯಾರೂ ಆರೂವರೆ ಅಡಿ ಮುಟ್ಟಿರಲಿಲ್ಲ!) ಇನ್ನು ಮೈಕಲ್ ಜೋರ್ಡನ್‌ನನ್ನು ಶಾಲಾ ತಂಡದಿಂದ ಕೋಚ್ ಹೊರಹಾಕಿದ್ದ ಎಂಬ ಕಥೆ. ನಡೆದದ್ದು ಇಷ್ಟು: 1978ರಲ್ಲಿ ಹೈಸ್ಕೂಲಿನ ಹಿರಿಯರ ತಂಡಕ್ಕೆ ಅವನಿಗಿಂತ ಎತ್ತರದ ಸಹಪಾಠಿಯೊಬ್ಬ ಆಯ್ಕೆಯಾದ, ಜೋರ್ಡನ್‌ನನ್ನು ಕಿರಿಯರ ತಂಡದಲ್ಲಿ ಆಡಿಸಿದರು. ಹದಿನೈದರ ಹುಡುಗನಿಗೆ ಬೆಂಚಿನ ಮೇಲೆ ಕೂರುವುದಕ್ಕಿಂತ ದಿನಾ ಆಡಲು ಸಿಗುವುದು ಒಳ್ಳೆಯದೇ ಅಲ್ಲವೇ? ಆ ಕೋಚ್ ಮಾತ್ರ ಜಗತ್ತಿನ ಕಣ್ಣಲ್ಲಿ ಖಳನಾಯಕನಾದ.

ವುಡನ್ ತಂಡದಲ್ಲಿ ಇದಕ್ಕಿಂತ ಒಳ್ಳೆಯ ಕಥೆ ಇದೆ. ಸ್ವೆನ್ ನೇಟರ್ ಎಂಬ ಹುಡುಗ ಬಿಲ್ ವಾಲ್ಟನ್‌ನಂಥ ಮಹಾ ಆಟಗಾರನ ಹಿಂದೆ ಕಾದು ಕೂತು, ಕಾಲೇಜಿನಲ್ಲಿ ಒಂದು ಪಂದ್ಯವನ್ನೂ ಮೊದಲ ಐವರಲ್ಲಿ ಒಬ್ಬನಾಗಿ ಶುರು ಮಾಡಲಿಲ್ಲ. ಆದರೂ ವೃತ್ತಿಪರ ಲೀಗ್‌ಗೆ ಮೊದಲ ಸುತ್ತಿನಲ್ಲೇ ಆಯ್ಕೆಯಾದ. ಪಂದ್ಯ ಸಿಗದವನಿಗೆ ಪ್ರಾಕ್ಟೀಸಿನಲ್ಲಿ ಪಾಠ ಸಿಕ್ಕಿತ್ತು. ಮುಂದೆ ಅವನೇ ಗ್ಯಾಲಿಮೋರ್ ಜೊತೆ ಸೇರಿ ವುಡನ್ ಕಲಿಸುವ ಬಗೆಯ ಮೇಲೆ ಪುಸ್ತಕ ಬರೆದ.

ನಮ್ಮ ಅಂಗಳದಲ್ಲಿ

ನಮ್ಮ ಕಾಲೇಜುಗಳಲ್ಲಿ ಅಮೆರಿಕದ ಹಾಗೆ ಆಟಕ್ಕೊಬ್ಬ ಹೆಡ್ ಕೋಚ್ ಇರುವುದಿಲ್ಲ. ಬಹಳ ಕಡೆ ಒಬ್ಬರೇ ಪಿ.ಡಿ. ಸರ್, ಅವರೇ ಕಬಡ್ಡಿ, ವಾಲಿಬಾಲ್, ಅಥ್ಲೆಟಿಕ್ಸ್, ಬಾಸ್ಕೆಟ್‌ಬಾಲ್, ಜೊತೆಗೆ ಆಗಸ್ಟ್ 15ರ ಪರೇಡ್. ಅವರಿಂದ ನಿಮಿಷ ನಿಮಿಷದ ಕಾರ್ಡ್ ನಿರೀಕ್ಷಿಸುವುದು ಅನ್ಯಾಯ. ಆದರೆ ದುಡ್ಡು ಕೊಟ್ಟು ಸೇರಿಸುವ ಬೇಸಿಗೆ ಶಿಬಿರದಲ್ಲಿ ಒಂದಿಷ್ಟು ನೋಡಬಹುದು, ನೋಡಲೇಬೇಕು.

ಮೊದಲನೆಯದು ನೀರು. ಆಡುವಾಗ ನೀರು ಕುಡಿಯಬಾರದು, ಹೊಟ್ಟೆ ಹಿಡಿಯುತ್ತದೆ, ನೀರು ಕುಡಿಯದೆ ಓಡಿದರೆ ಗಟ್ಟಿಯಾಗುತ್ತಾರೆ ಎಂಬುದು ಹಳೆಯ ತಪ್ಪು ತಿಳಿವಳಿಕೆ. ದೇಹ ತಣ್ಣಗಾಗುವುದು ಬೆವರಿನಿಂದ, ಬೆವರಿಗೆ ನೀರು ಬೇಕು. ಏಪ್ರಿಲ್-ಮೇ ಬಿಸಿಲಿನಲ್ಲಿ ಶಿಕ್ಷೆಯಾಗಿ ಸುತ್ತು ಓಡಿಸಿ ನೀರು ತಡೆದರೆ ಅದು ಶಿಸ್ತಲ್ಲ, ಅಪಾಯ. ಆಡುತ್ತಿದ್ದ ಮಗು ತೊದಲತೊಡಗಿದರೆ, ಗೊಂದಲದ ಮಾತಾಡಿದರೆ, ವಾಂತಿ ಮಾಡಿ ಕುಸಿದರೆ ತಕ್ಷಣ ನೆರಳಿಗೆ ತಂದು, ಮೈ ಮೇಲೆ ತಣ್ಣೀರು ಸುರಿದು, ಗಾಳಿ ಹಾಕಿ, 108ಕ್ಕೆ ಫೋನ್ ಮಾಡಿ. ಪ್ರಜ್ಞೆ ಸರಿಯಿಲ್ಲದಾಗ ಬಾಯಿಗೆ ನೀರು ಹಾಕಬೇಡಿ.

ಎರಡನೆಯದು ಕೈ ಮಾಡುವುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ‘ನಮ್ಮ ಕಾಲದಾಗ ಹೊಡೀತಿದ್ರು’ ಎಂಬುದು ಇದಕ್ಕೆ ಉತ್ತರವಲ್ಲ.

ಮೂರನೆಯದಕ್ಕೆ ಒಂದು ಚೀಟಿ, ಒಂದು ಪೆನ್ನು ಸಾಕು. ಮಗುವನ್ನು ಬಿಟ್ಟು ಹೋಗುವ ಬದಲು ಒಂದು ದಿನ ಅರ್ಧ ಗಂಟೆ ಅಂಗಳದ ಪಕ್ಕ ಕೂತುಕೊಳ್ಳಿ. ಚೀಟಿಯಲ್ಲಿ ಮೂರು ಗೆರೆ ಎಳೆದು ‘ಹೇಗೆ ಮಾಡಬೇಕೆಂದು ಹೇಳಿದ್ದು’, ‘ಬರೀ ಹೊಗಳಿದ್ದು’, ‘ಬರೀ ಬೈದದ್ದು’ ಎಂದು ಬರೆಯಿರಿ. ಕೋಚ್ ಬಾಯಿ ತೆರೆದಾಗಲೆಲ್ಲ ಒಂದೊಂದು ಗೀಟು ಹಾಕುತ್ತ ಹೋಗಿ. ದೂರದಿಂದ ಕೇಳಿಸದಿದ್ದರೆ ಮನೆಗೆ ಬಂದ ಮೇಲೆ ಮಗುವನ್ನೇ ಕೇಳಿ: ಇವತ್ತು ಸರ್ ನಿನಗೆ ಏನು ತಿದ್ದಿದರು? ಚೆಂಡು ಬಿಡುವಾಗ ಮಣಿಕಟ್ಟು ಹೇಗಿರಬೇಕೆಂದು ಅದು ಕೈ ಎತ್ತಿ ತೋರಿಸುತ್ತದೆಯೋ, ಇಲ್ಲ ‘ಏನಿಲ್ಲ, ಬೈದ್ರು’ ಅನ್ನುತ್ತದೆಯೋ ನೋಡಿ.